ನಲವತ್ತು ಎಂ.ಎಲ್.

ಸಾವಿರದಿಂದ ಗುಣಿಸುವ, ಸಾವಿರದಿಂದ ಭಾಗಿಸುವ ಚಟ ಹತ್ತಿಕೊಂಡು ಎರಡು ತಿಂಗಳಾಗಿತ್ತು. ಒಲೆಯ ಮೇಲೆ ಹಾಲಿಟ್ಟರೆ ಅರ್ಧ ಲೀಟರು ಎಂದುಕೊಂಡು ಸುಮ್ಮನಿರಲು ಆಗುತ್ತಿರಲಿಲ್ಲ, ಐನೂರು ಎಂ.ಎಲ್. ಎಂದು ಮನಸ್ಸು ತಾನಾಗಿಯೇ ಬಿಡಿಸಿ ಹೇಳುತ್ತಿತ್ತು. ಸಕ್ಕರೆಯ ಚಮಚ ಐದು ಗ್ರಾಂ, ಐದು ಸಾವಿರ ಮಿಲಿಗ್ರಾಂ, ಅಲ್ಲಿಂದ ಇನ್ನೂ ಒಂದು ಮೆಟ್ಟಿಲು ಇಳಿದರೆ ಸೊನ್ನೆಗಳು ಇರುವೆಗಳ ಹಾಗೆ ಸಾಲುಗಟ್ಟಿ ಬರುತ್ತಿದ್ದವು. ಇವತ್ತು ಮಾತ್ರ ಹಾಲು ಉಕ್ಕುವವರೆಗೆ ಅವಳಿಗೆ ಏನೂ ಕಾಣಿಸಲಿಲ್ಲ. ಒಲೆ ಆರಿಸಿ ಬಟ್ಟೆಯಿಂದ ಕಟ್ಟೆ ಒರೆಸುತ್ತ, ಚೆಲ್ಲಿದ್ದು ಎಷ್ಟಿರಬಹುದು ಎಂದು ಅಂದಾಜು ಮಾಡಿದಳು. ಮೂವತ್ತು ಎಂ.ಎಲ್. ಅಂದಾಜಿನಲ್ಲಿ ಅವಳು ಸೋಲುವುದು ಅಪರೂಪ. ಸೋಲುವುದೆಲ್ಲ ಕಾಗದದ ಮೇಲೆ.

"ಅಮ್ಮಾ, ಗ್ರಾಂನಿಂದ ಮೈಕ್ರೋಗ್ರಾಂಗೆ ಚುಕ್ಕಿ ಎಷ್ಟು ಮನೆ ಹೋಗುತ್ತೆ?" ಮಗಳು ಚೀಲಕ್ಕೆ ಪುಸ್ತಕ ತುಂಬುತ್ತಿದ್ದಳು. ಏಳನೇ ತರಗತಿ. ಅವಳ ಶಾಲೆಯಲ್ಲಿ ದಶಮಾಂಶದ ಪಾಠ ನಡೆಯುವ ಹೊತ್ತಿಗೇ ತಾಯಿ ಸೇರಿದ್ದ, ಆಸ್ಪತ್ರೆಯೊಳಗಿನ ನರ್ಸಿಂಗ್ ಕಾಲೇಜಿನಲ್ಲೂ ಅದೇ ನಡೆದಿತ್ತು.

"ಆರು."

"ಯಾವ ಕಡೆಗೆ?"

"ಬಲಕ್ಕೆ."

"ಹೋದ ಸಲ ಯಾವ ಕಡೆಗೆ ಹೋಗಿದ್ದೆ?"

"ಅದನ್ನ ಯಾಕೆ ಈಗ ಕೆದಕ್ತೀಯ."

"ಮರೀಬಾರದು ಅಂತ," ಎಂದಳು ಮಗಳು, ಥೇಟು ಮೇಷ್ಟರ ಗತ್ತಿನಲ್ಲಿ. ಬಚ್ಚಲಿನಿಂದ ಬಂದ ಗಂಡ ತಲೆ ಒರೆಸಿಕೊಳ್ಳುತ್ತ, "ನಿನ್ನ ಟೀಚರಮ್ಮ ಬೆತ್ತ ಗಿತ್ತ ಇಟ್ಟುಕೊಂಡಿದ್ದಾಳೇನೆ?" ಎಂದ. ಅವನು ಮರ ಕೊಯ್ಯುವ ಮಿಲ್ಲಿನವನು; ಅವನ ಲೆಕ್ಕವೆಲ್ಲ ಇಂಚಿನದು, ಗರಗಸ ತಿನ್ನುವ ಹೊಟ್ಟಿಗೂ ಒಂದಿಷ್ಟು ಬಿಟ್ಟು ಹಾಕುವ ಲೆಕ್ಕ. ಒಂದೆರಡು ಕೂದಲೆಳೆ ಆಚೀಚೆ ಆದರೆ ರಂದ ಹೊಡೆದು, ಮರ ಹೆರೆದು ಸರಿಮಾಡಬಹುದು. ಅವಳದ್ದರಲ್ಲಿ ರಂದ ಹೊಡೆಯುವುದಕ್ಕೆ ಜಾಗವಿರಲಿಲ್ಲ. ಔಷಧಿ ಲೆಕ್ಕದ ಪರೀಕ್ಷೆ ಅದು, ಇಪ್ಪತ್ತು ಪ್ರಶ್ನೆಗೆ ಇಪ್ಪತ್ತೂ ಸರಿ ಇದ್ದರೆ ಪಾಸು, ಹತ್ತೊಂಬತ್ತಾದರೆ ಫೇಲು. ಮೂರು ಸಲ ಅವಕಾಶ. ಮೊದಲ ಸಲ ಹದಿಮೂರು ಬಂದಿತ್ತು, ಎರಡನೆಯ ಸಲ ಹತ್ತೊಂಬತ್ತು. ಇವತ್ತು ಮೂರನೆಯದು. ಇದೂ ಹೋದರೆ ವಾರ್ಡಿನಲ್ಲಿ ಔಷಧಿ ಮುಟ್ಟುವ ಹಾಗಿಲ್ಲ, ಔಷಧಿ ಮುಟ್ಟದವಳು ನರ್ಸಾಗುವ ಹಾಗಿಲ್ಲ. ಮತ್ತೆ ಅದೇ ಆಸ್ಪತ್ರೆಯಲ್ಲಿ ಅದೇ ನೆಲ ಒರೆಸುವ ಕೋಲು ಹಿಡಿಯಬೇಕು.

ಆಸ್ಪತ್ರೆಯ ಹಿಂಬಾಗಿಲಿನಲ್ಲಿ ಒಂಬತ್ತು ವರ್ಷ ಹೋಗಿ ಬಂದ ಕಾಲುಗಳು ಈಗಲೂ ಗೋಡೆಯ ತಿರುವಿನಲ್ಲಿ ಅತ್ತ ಎಳೆಯುತ್ತಿದ್ದವು. ಒಗೆಯುವ ಕೋಣೆಯ ಬಿಸಿ ಹಬೆ, ಕಸದ ಡಬ್ಬಗಳ ಸಾಲು, ಅಲ್ಲಿ ಕೂತು ಚಹಾ ಕುಡಿಯುವ ಆಯಾಗಳು ಅವಳನ್ನು ಕಂಡರೆ ಇನ್ನೂ ಸರಿದು ಜಾಗ ಕೊಡುತ್ತಿದ್ದರು. ಮುಂಬಾಗಿಲಿನಿಂದ ಹೋಗಬೇಕು ಎಂದು ಮೊದಲ ವಾರ ತನಗೆ ತಾನೇ ಹೇಳಿಕೊಳ್ಳಬೇಕಾಗಿತ್ತು. ಅದೇ ವಾರ, ಹೊಸ ಬಿಳಿ ಸಮವಸ್ತ್ರದಲ್ಲಿ, ಇಸ್ತ್ರಿಯ ಗೆರೆ ಮುರಿಯದ ಹಾಗೆ ಕೈ ದೂರ ಹಿಡಿದುಕೊಂಡು ಕಾರಿಡಾರಿನಲ್ಲಿ ನಡೆಯುತ್ತಿದ್ದಾಗ ಹಳೆಯ ನರ್ಸೊಬ್ಬರು ಮುಖ ನೋಡಿ, ಬಟ್ಟೆ ನೋಡದೆ, "ಬಂದ್ಯಾ, ಎಂಟನೇ ಬೆಡ್ ಹತ್ರ ವಾಂತಿ ಆಗಿದೆ ನೋಡು" ಎಂದು ಬಕೆಟ್ಟು ಕೈಗೆ ಕೊಟ್ಟಿದ್ದರು. ಅವಳು ಇಸಿದುಕೊಂಡಿದ್ದಳು. ಒರೆಸಿಯೂ ಬಂದಿದ್ದಳು. ಅವರು ಕೊಟ್ಟದ್ದಕ್ಕೆ ಅವಳಿಗೆ ನೋವಿರಲಿಲ್ಲ, ತಾನು ಇಸಿದುಕೊಂಡದ್ದು ನೆನಪಾದಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು. ಆದರೆ ಆ ಬಿಸಿಯ ಕೆಳಗೆ ಇನ್ನೊಂದು ಮಾತೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ: ಆ ದಿನ ನೆಲ ಒರೆಸುವಾಗ, ವಾಂತಿ ಎಷ್ಟಿದೆ, ಯಾವ ಬಣ್ಣ, ಅದರಲ್ಲಿ ಮಾತ್ರೆ ಕರಗದೆ ಉಳಿದಿದೆಯೇ ಎಂದು ನೋಡಿ ನರ್ಸಿಗೆ ಹೇಳಿದ್ದಳು, ನರ್ಸು ಬರೆದುಕೊಂಡಿದ್ದರು.

ಪರೀಕ್ಷೆಯ ಕೋಣೆಯಲ್ಲಿ ಮೂವತ್ತೆರಡು ಮೇಜು. ಇಲ್ಲಿ ಕೂತವರಲ್ಲಿ ಯಾರೂ ಮೊದಲೆರಡು ಸಲ ಪಾಸಾಗಿರಲಿಲ್ಲ. ಇಡೀ ತರಗತಿಯಲ್ಲಿ ಪಾಸಾದ ಹತ್ತು ಮಂದಿ ಆಗಲೇ ವಾರ್ಡಿನಲ್ಲಿದ್ದರು, ಅವರು ಊಟಕ್ಕೆ ಬರುವಾಗ ಅವರ ಕೈಯಿಂದ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. ಪಕ್ಕದ ಮೇಜಿನ ಹುಡುಗಿಗೆ ಹತ್ತೊಂಬತ್ತು ವರ್ಷ, ಎಲ್ಲರೂ ಅವಳನ್ನು ಚೂಟಿ ಅನ್ನುತ್ತಿದ್ದರು. ಚೂಟಿ ಇವಳನ್ನು ದೊಡ್ಡಕ್ಕ ಅನ್ನುತ್ತಿದ್ದಳು. ಮೂವತ್ತಾರು ವರ್ಷದವಳನ್ನು ಇನ್ನೇನು ತಾನೇ ಅನ್ನಬೇಕು.

"ದೊಡ್ಡಕ್ಕ, ಕೈ ಯಾಕೆ ಅಷ್ಟು ಉಜ್ತಿದ್ದೀರ? ಲೆಕ್ಕ ಮಾಡೋಕೆ ಬಂದಿದೀರೋ ಬೆಂಕಿ ಹಚ್ಚೋಕೋ?"

"ತಣ್ಣಗಾಗಿವೆ ಕಣೆ."

"ನನ್ನವು ಬೆವರ್ತಿವೆ. ಅದಲು ಬದಲು ಮಾಡ್ಕೊಳ್ಳೋಣ್ವಾ?"

ಮೇಡಂ ಒಳಗೆ ಬಂದದ್ದರಿಂದ ನಗು ಅಲ್ಲೇ ನಿಂತಿತು. ಹುಡುಗಿಯರು ಬೆನ್ನ ಹಿಂದೆ ಇವರನ್ನು ಚುಕ್ಕಿ ಮೇಡಂ ಅನ್ನುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ನಾಲ್ಕೈದು ವರ್ಷ ಚಿಕ್ಕವರು. ಅವಳನ್ನು 'ನೀವು' ಎಂದು ಕರೆಯುತ್ತಿದ್ದರು, ಆ ಬಹುವಚನವೇ ಕೆಲವು ಸಲ ಏಕವಚನಕ್ಕಿಂತ ಚುಚ್ಚುತ್ತಿತ್ತು. ಚುಕ್ಕಿಯ ಎಡಗಡೆ ಖಾಲಿ ಇದ್ದರೆ ಸೊನ್ನೆ ಹಾಕಲೇಬೇಕು, ಬಲಗಡೆಯ ಕೊನೆಯಲ್ಲಿ ಸೊನ್ನೆ ಹಾಕಲೇಬಾರದು. ಐದು ಅಂದರೆ ಐದು, ಐದು ಚುಕ್ಕಿ ಸೊನ್ನೆ ಅಂತ ಬರೆದರೆ ಚುಕ್ಕಿ ಮಾಸಿದ ದಿನ ಅದು ಐವತ್ತಾಗುತ್ತದೆ, ಐವತ್ತು ಒಬ್ಬರ ಮೈಯೊಳಗೆ ಹೋಗುತ್ತದೆ. ಇದನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ಅವಳ ಮಗಳೂ ಈಗ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದಳು. ಇನ್ನೊಂದು ನಿಯಮ: ಉತ್ತರವನ್ನು ಪೆಟ್ಟಿಗೆಯೊಳಗೆ ಬರೆಯಬೇಕು, ಒಂದೇ ಸಂಖ್ಯೆ, ಹೊಡೆದುಹಾಕಿದರೆ ಆ ಪ್ರಶ್ನೆಗೆ ಅಂಕ ಇಲ್ಲ. "ಔಷಧಿ ಕೊಟ್ಟ ಮೇಲೆ ಹೊಡೆದುಹಾಕೋಕೆ ಆಗಲ್ಲ," ಎನ್ನುತ್ತಿದ್ದರು. ಒಮ್ಮೆ ತರಗತಿಯಲ್ಲಿ ಅವಳು ಎದ್ದು, "ಮೇಡಂ, ಮಗು ಎಷ್ಟು ದೊಡ್ಡದು?" ಎಂದು ಕೇಳಿದ್ದಳು. ಔಷಧಿ ಇಷ್ಟು, ಬಾಟಲಿಯಲ್ಲಿ ಇಷ್ಟು, ಎಷ್ಟು ಕೊಡಬೇಕು ಎಂದಷ್ಟೇ ಇದ್ದ ಲೆಕ್ಕ ಅದು. "ಲೆಕ್ಕ ಮಾಡಿ ಅಂದಿದ್ದು, ಮಗು ಎತ್ತಿ ಆಡಿಸಿ ಅಂದಿಲ್ಲ," ಎಂದಿದ್ದರು ಮೇಡಂ. ತರಗತಿ ನಕ್ಕಿತ್ತು. ಅವಳೂ ನಕ್ಕಿದ್ದಳು, ಸ್ವಲ್ಪ ತಡವಾಗಿ.

ಕಾಗದ ಬಂತು. ಮೊದಲ ಐದು ಪ್ರಶ್ನೆ ಬರೀ ಮೆಟ್ಟಿಲು: ಗ್ರಾಂನಿಂದ ಮಿಲಿಗ್ರಾಂ, ಮಿಲಿಗ್ರಾಂನಿಂದ ಮೈಕ್ರೋಗ್ರಾಂ. ಕಾಗದದ ಮೂಲೆಯಲ್ಲಿ ಮಗಳು ಕಲಿಸಿದ ಏಣಿ ಬರೆದುಕೊಂಡಳು, ಕೆಳಗಿಳಿಯುವಾಗ ಸೊನ್ನೆ ಸೇರುತ್ತವೆ, ಮೇಲೆ ಹತ್ತುವಾಗ ಉದುರುತ್ತವೆ. ಆಮೇಲೆ ಮಾತ್ರೆಗಳು, ಇಂಜೆಕ್ಷನ್ನುಗಳು, ಹನಿಹನಿಯಾಗಿ ರಕ್ತನಾಳಕ್ಕೆ ಇಳಿಯುವ ಬಾಟಲಿಗಳು. ಬೇಕಾದ್ದನ್ನು ಇರುವುದರಿಂದ ಭಾಗಿಸು, ಎಷ್ಟರಲ್ಲಿ ಇದೆಯೋ ಅದರಿಂದ ಗುಣಿಸು. ಈ ಸೂತ್ರ ಪುಸ್ತಕದಲ್ಲಿ ಬೇರೆ ಅಕ್ಷರಗಳಲ್ಲಿತ್ತು, ಅವಳು ಅದನ್ನು ಪಾತ್ರೆ ತೊಳೆಯುತ್ತ ತನ್ನ ಮಾತಿಗೆ ತಿರುಗಿಸಿಕೊಂಡಿದ್ದಳು. ಹದಿನಾರನೆಯ ಪ್ರಶ್ನೆ ಮುಗಿಯುವಾಗ ಕೈ ಬೆಚ್ಚಗಾಗಿತ್ತು. ಎಲ್ಲ ಸರಿ ಇವೆ ಎಂದು ಗೊತ್ತಾಗುತ್ತಿತ್ತು. ಒರೆಸಿದ ನೆಲ ಒಣಗುವ ಮೊದಲೇ ಕಲೆ ಹೋಗಿದೆ ಎಂದು ಗೊತ್ತಾಗುವ ಹಾಗೆ.

ಹದಿನೇಳು: ಐದು ತಿಂಗಳ ಮಗು, ತೂಕ 6.4 ಕಿಲೋ. ವೈದ್ಯರ ಆದೇಶ, ಜ್ವರದ ಸಿರಪ್ 0.96 ಗ್ರಾಂ. ಬಾಟಲಿ 60 ಎಂ.ಎಲ್.ನದು, ಐದು ಎಂ.ಎಲ್.ನಲ್ಲಿ 120 ಮಿಲಿಗ್ರಾಂ. ಎಷ್ಟು ಎಂ.ಎಲ್. ಕೊಡುತ್ತೀರಿ? ಗ್ರಾಂನಿಂದ ಮೂರು ಮನೆ ಬಲಕ್ಕೆ, ಒಂಬೈನೂರ ಅರವತ್ತು. ಅದನ್ನು ನೂರಿಪ್ಪತ್ತರಿಂದ ಭಾಗಿಸಿದರೆ ಎಂಟು, ಎಂಟೈದಲಿ ನಲವತ್ತು. ಶೇಷವಿಲ್ಲ, ಚುಕ್ಕಿಯಿಲ್ಲ, ಬಲು ಚೆಂದದ ಉತ್ತರ. ಪೆಟ್ಟಿಗೆಯೊಳಗೆ ನಲವತ್ತು ಎಂದು ಬರೆದಳು, ಹದಿನೆಂಟಕ್ಕೆ ಹೋದಳು, ಹದಿನೆಂಟನ್ನು ಎರಡು ಸಲ ಓದಿದಳು, ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಆರು ಕಿಲೋ ನಾನೂರು ಗ್ರಾಂ. ಆ ತೂಕ ಅವಳ ಮೊಣಕಾಲುಗಳ ನಡುವೆ ಬಂದು ಕೂತುಬಿಟ್ಟಿತ್ತು. ತಿಂಗಳ ಕುರಿಮರಿಯ ತೂಕ ಅದು.

ಅಪ್ಪ ಕಾಲು ಬಾತು ಮಲಗಿದ್ದ ವಾರ, ಅವಳಿಗೆ ಹತ್ತು ವರ್ಷ. ಮಂದೆಗೆ ಹುಳದ ಔಷಧಿ ಕುಡಿಸಬೇಕಾಗಿತ್ತು. ಬಾಟಲಿಯ ಮುಚ್ಚಳವೇ ಅಳತೆ. ದೊಡ್ಡ ಕುರಿಗೆ ತುಂಬ, ಮರಿಗೆ ಕಾಲು. ಮರಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ದವಡೆಯ ಮೂಲೆಗೆ ಹೆಬ್ಬೆರಳು ತೂರಿಸಿ, ನಾಲಗೆಯ ಮೇಲೆ ಹುಯ್ಯಬೇಕು. ದೊಡ್ಡವನ್ನು ಮುಗಿಸಿ ಮರಿಗಳ ಹತ್ತಿರ ಬಂದಾಗ ಅವಳಿಗೆ ಅನ್ನಿಸಿತ್ತು, ಬಡಕಲು ಮರಿಗಳು ಪಾಪ, ಇವಕ್ಕೇ ಅಲ್ಲವೇ ಹೆಚ್ಚು ಬೇಕಾದ್ದು. ಯಾರೂ ಹೇಳದೆ, ಯಾರನ್ನೂ ಕೇಳದೆ, ಒಳ್ಳೆಯದಾಗಲಿ ಎಂದೇ ತುಂಬ ಮುಚ್ಚಳ ಹುಯ್ದಳು. ಮಾರನೆಯ ಮಧ್ಯಾಹ್ನಕ್ಕೆ ಏಳು ಮರಿ, ಬಾಯಲ್ಲಿ ನೊರೆ, ಕಾಲು ಸೆಟೆದು. ಅಪ್ಪ ಕುಂಟುತ್ತ ಬಂದು ಒಂದೊಂದನ್ನೂ ಮುಟ್ಟಿ ನೋಡಿದ. ಆಮೇಲೆ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ. "ಮಂಜು ಬಿದ್ದ ಹುಲ್ಲು ಮೇಯ್ದಿರಬೇಕು," ಎಂದ, ಅಮ್ಮನಿಗೆ ಕೇಳುವ ಹಾಗೆ, ಅವಳತ್ತ ನೋಡದೆ. ಮುಂದಿನ ವರ್ಷ ಔಷಧಿ ಕುಡಿಸುವ ದಿನ ಬಂದಾಗ ಬಾಟಲಿಯನ್ನು ಅವಳ ಕೈಗೇ ಕೊಟ್ಟ. ಮುಚ್ಚಳದ ಒಳಗೆ ಮೊಳೆಯಿಂದ ಒಂದು ಗೆರೆ ಕೊರೆದಿದ್ದ. ಅದರ ಬಗ್ಗೆ ಅವನೂ ಮಾತಾಡಲಿಲ್ಲ, ಅವಳೂ ಆಡಲಿಲ್ಲ. ಈಗ ಮಾತಾಡಬೇಕೆಂದರೂ ಅವನಿಲ್ಲ.

ಅರವತ್ತರ ಬಾಟಲಿಯಲ್ಲಿ ನಲವತ್ತು. ಮೂರು ಪಾಲು ಮಾಡಿದರೆ ಎರಡು ಪಾಲು. ಅಷ್ಟು ಸಿರಪ್ಪು ಒಂದು ಚಹಾ ಲೋಟದ ಅರ್ಧಕ್ಕೆ ಬರುತ್ತದೆ, ಅಂಟಂಟಾಗಿ, ಕೆಂಪಗೆ. ಐದು ತಿಂಗಳ ಬಾಯಿಗೆ ಅದನ್ನು ಹುಯ್ಯಲು ಎಷ್ಟು ಹೊತ್ತು ಬೇಕು. ಒಂಬತ್ತು ವರ್ಷ ಮಕ್ಕಳ ವಾರ್ಡಿನಲ್ಲಿ ಔಷಧಿ ಕುಡಿಸಿದ ಪುಟ್ಟ ಕಪ್ಪುಗಳನ್ನು ತೊಳೆದವಳು ಅವಳು. ತಳದಲ್ಲಿ ಒಂದು ಗೆರೆ ಅಂಟಿರುತ್ತಿತ್ತು, ಅಷ್ಟೆ. ಇದು ಲೆಕ್ಕ, ನಿಜವಾದ ಮಗುವಲ್ಲ, ಎಂದು ತನಗೆ ತಾನೇ ಹೇಳಿಕೊಂಡಳು. ಪಕ್ಕದಲ್ಲಿ ಚೂಟಿ ನಲವತ್ತನ್ನು ಬರೆದು ಮುಂದೆ ಹೋಗಿದ್ದಳು, ಓರೆಗಣ್ಣಿಗೆ ಕಾಣುತ್ತಿತ್ತು. ಮೇಡಂನ ಉತ್ತರದ ಹಾಳೆಯಲ್ಲೂ ನಲವತ್ತೇ ಇರುತ್ತದೆ. ಎದ್ದು ಕೇಳಿದರೆ, ಮಗು ಎತ್ತಿ ಆಡಿಸುವ ಮಾತೇ ಮತ್ತೆ ಬರುತ್ತದೆ. ಪೆಟ್ಟಿಗೆಯೊಳಗಿನ ನಲವತ್ತನ್ನು ಹಾಗೇ ಬಿಟ್ಟರೆ ಇಪ್ಪತ್ತಕ್ಕೆ ಇಪ್ಪತ್ತು, ನಾಳೆ ವಾರ್ಡು, ಸಂಜೆ ಮಗಳ ಮುಖ. ಬಿಡು ಅತ್ತ, ಎಂದಿತು ಮನಸ್ಸು. ಒಳ್ಳೆಯದಾಗಲಿ ಎಂದೇ ಹುಯ್ದ ಕೈ, ಪೆನ್ನು ಹಿಡಿದುಕೊಂಡು, ಅಲ್ಲೇ ಕೂತಿತ್ತು. ಕಿಟಕಿಯ ಹೊರಗೆ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು, ಅದರ ಒಂದು ಚಕ್ರಕ್ಕೆ ಎಣ್ಣೆ ಬೇಕಾಗಿತ್ತು. ಆ ಕೀರಲು ಶಬ್ದ ದೂರವಾಗಿ ನಿಲ್ಲುವವರೆಗೆ ಕಾದಳು. ಆಮೇಲೆ ನಲವತ್ತರ ಮೇಲೆ ಒಂದು ಗೆರೆ ಎಳೆದಳು, ನೇರವಾಗಿ. ಪಕ್ಕದಲ್ಲಿ ಬರೆದಳು: ಲೆಕ್ಕಕ್ಕೆ 40 ಬರುತ್ತದೆ. ಈ ತೂಕದ ಮಗುವಿಗೆ ನಾನು ಕೊಡುವುದಿಲ್ಲ. ಮೊದಲು ವೈದ್ಯರನ್ನು ಕೇಳುತ್ತೇನೆ.

ಬರೆದಾದ ಮೇಲೆ ಉಳಿದ ಮೂರು ಲೆಕ್ಕ ಬಹಳ ಹಗುರವಾಗಿ ಬಂದವು. ಸೋತವರಿಗೆ ಬರುವ ಹಗುರವೋ ಎಂದು ಅನುಮಾನವೂ ಬಂತು.

ಕಾಗದ ಕೊಟ್ಟು ಹೊರಗೆ ಬಂದಾಗ ಚೂಟಿ, "ಹದಿನೇಳು ನಲವತ್ತು ತಾನೇ?" ಎಂದಳು.

"ಹೊಡೆದುಹಾಕಿದೆ."

"ಅಯ್ಯೋ ದೊಡ್ಡಕ್ಕ, ನಿಮಗೇನು ಬಂತು. ಅದೊಂದೇ ಸುಲಭ ಇದ್ದದ್ದು." ಅವಳ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾದ ಸಂಕಟವಿತ್ತು. ಇಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕೂತರು. ಅಂಕ ಊಟಕ್ಕೆ ಮೊದಲೇ ಹೇಳುವುದು ಮೇಡಂನ ಪದ್ಧತಿ. ಒಳಗಿನಿಂದ ಕೆಂಪು ಪೆನ್ನಿನ ಸಣ್ಣ ಶಬ್ದ ಒಂದೇ ಲಯದಲ್ಲಿ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತುಹೋಯಿತು, ಮತ್ತೆ ಶುರುವಾಗಲಿಲ್ಲ. ಮೇಡಂ ಬಾಗಿಲಿಗೆ ಬಂದು ಅವಳನ್ನು ಮಾತ್ರ ಕರೆದರು.

ಮೇಜಿನ ಮೇಲೆ ಅವಳ ಹಾಳೆ ಇತ್ತು. "ಕೂತ್ಕೊಳ್ಳಿ. ಇದನ್ನ ಯಾಕೆ ಹೊಡೆದ್ರಿ?"

"ಜಾಸ್ತಿ ಆಯ್ತು ಮೇಡಂ."

"ಲೆಕ್ಕ ತಪ್ಪಿಲ್ಲವಲ್ಲ."

"ಲೆಕ್ಕ ತಪ್ಪಿಲ್ಲ. ಮಗುಗೆ ತಪ್ಪಾಗುತ್ತೆ."

ಮೇಡಂ ಉತ್ತರದ ಹಾಳೆಯನ್ನು ತಿರುಗಿಸಿ ಅವಳ ಮುಂದೆ ಇಟ್ಟರು. ಹದಿನೇಳರ ಎದುರು ನಲವತ್ತು ಎಂದೇ ಇತ್ತು. ಅದರ ಪಕ್ಕದಲ್ಲಿ ಈಗಷ್ಟೇ ಪೆನ್ಸಿಲಿನಲ್ಲಿ ಮಾಡಿದ ಲೆಕ್ಕ: ಕಿಲೋಗೆ ಹದಿನೈದು ಮಿಲಿಗ್ರಾಂ, ತೊಂಬತ್ತಾರು ಮಿಲಿಗ್ರಾಂ, ಗ್ರಾಂನಲ್ಲಿ ಬರೆದರೆ ಚುಕ್ಕಿಯಾದ ಮೇಲೆ ಒಂದು ಸೊನ್ನೆ, ಆಮೇಲೆ ಒಂಬತ್ತು, ಆಮೇಲೆ ಆರು. ನಾಲ್ಕು ಎಂ.ಎಲ್. "ಆ ಒಂದು ಸೊನ್ನೆ ಟೈಪು ಮಾಡುವಾಗ ಬಿಟ್ಟಿದ್ದೀನಿ. ಆಮೇಲೆ ಟೈಪಾದ್ದನ್ನೇ ನೋಡಿಕೊಂಡು ಉತ್ತರ ಬರೆದೆ," ಎಂದರು. "ಉಳಿದವನ್ನೂ ಈಗ ತಿರುವಿ ನೋಡಿದೆ, ಮೂವತ್ತೊಂದು ಜನ ನಲವತ್ತು ಬರೆದಿದ್ದಾರೆ. ನಾನೂ ಸರಿ ಹಾಕ್ತಾ ಬಂದೆ, ನಿಮ್ಮದು ಬರೋ ತನಕ." ಅವರ ಮುಖದಲ್ಲಿ ಬಣ್ಣ ಇಳಿದಿತ್ತು. ಅವಳಿಗೆ ಆ ಮುಖವನ್ನು ನೋಡಲಾಗಲಿಲ್ಲ. ಗೆದ್ದ ಸಂತೋಷ ಬರುತ್ತದೆ ಎಂದು ಕಾದಳು; ಬಂದದ್ದು, ಆ ಮುಖದ ಕಡೆಯಿಂದ ಕಣ್ಣು ತೆಗೆದು ಬೆಳಕಿನತ್ತ ಎಲ್ಲಾದರೂ ನೋಡಬೇಕು ಎನ್ನುವ ಆಸೆ. ಗೋಡೆಯ ಗಡಿಯಾರ ನೋಡಿದಳು.

"ನಿಮಗೆ ಹೇಗೆ ಗೊತ್ತಾಯ್ತು?"

"ಒಂದ್ಸಲ ಕೊಟ್ಟಿದ್ದೆ ಮೇಡಂ. ಹೀಗೇ ಜಾಸ್ತಿ. ಕುರಿಮರಿಗಳಿಗೆ." ಇಪ್ಪತ್ತಾರು ವರ್ಷ ಯಾರ ಮುಂದೆಯೂ ಬಾರದಿದ್ದ ಮಾತು ಎಷ್ಟು ಚಿಕ್ಕದಾಗಿತ್ತು. "ಏಳು ಸತ್ತವು."

ಮೇಡಂ ತಲೆಯಾಡಿಸಿದರು. ಆಮೇಲೆ ಎದ್ದು ಕಾರಿಡಾರಿನಲ್ಲಿದ್ದವರನ್ನೆಲ್ಲ ಒಳಗೆ ಕರೆದರು. ಬೋರ್ಡಿನ ಮೇಲೆ ಹದಿನೇಳನೆಯ ಪ್ರಶ್ನೆಯನ್ನು ಬರೆದು, ತಪ್ಪಿದ ಸೊನ್ನೆಯ ಜಾಗದಲ್ಲಿ ಸೀಮೆಸುಣ್ಣ ಒತ್ತಿ ಹಿಡಿದು, "ಈ ಪ್ರಶ್ನೆ ಬರೆದದ್ದು ನಾನು. ತಪ್ಪು ನನ್ನದು," ಎಂದರು. "ನಲವತ್ತು ಬರೆದವರು ಲೆಕ್ಕ ಸರಿ ಮಾಡಿದ್ದೀರಿ. ಆದರೆ ಕೊಟ್ಟಿದ್ದರೆ ಮಗು ಉಳಿಯೋದು ಕಷ್ಟವಿತ್ತು. ಮೊದಲು ಕೊಡ್ತಿದ್ದವಳು ನಾನು. ಇವತ್ತಿನ ಪರೀಕ್ಷೆ ರದ್ದು, ನಿಮ್ಮ ಮೂರನೇ ಅವಕಾಶ ಹಾಗೇ ಇರುತ್ತೆ. ಸೋಮವಾರ ಹೊಸ ಕಾಗದ. ಇವರನ್ನ ಬಿಟ್ಟು." ಇವರು ಎಂದು ಹೇಳುವಾಗ ಸೀಮೆಸುಣ್ಣ ಹಿಡಿದ ಕೈ ಅವಳತ್ತ ತಿರುಗಿತು. "ಇವರದು ಪಾಸಾಗಿದೆ. ನಾಳೆಯಿಂದ ವಾರ್ಡು."

ಹಿಂದಿನ ಸಾಲಿನಿಂದ ಚೂಟಿ, "ದೊಡ್ಡಕ್ಕ, ನನ್ನ ಕಾಗದಾನೂ ಒಂಚೂರು ಮೂಸಿ ನೋಡಬಾರದಿತ್ತಾ?" ಎಂದಳು. ನಗು ಎದ್ದಿತು, ಮೇಡಂ ಕೂಡ ಬೋರ್ಡಿನತ್ತ ತಿರುಗಿಕೊಂಡು ನಕ್ಕರು. ಈ ಸಲ ಅವಳ ನಗು ತಡವಾಗಲಿಲ್ಲ.

ಎಲ್ಲರೂ ಊಟಕ್ಕೆ ಹೋದ ಮೇಲೆ ಅವಳೂ ಚೀಲ ಎತ್ತಿಕೊಂಡಳು. ಮೇಡಂ ಬೀರುವಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಮೊದಲೇ ಮಾಡಿಟ್ಟಿದ್ದ ಇನ್ನೊಂದು ಪ್ರಶ್ನೆಪತ್ರಿಕೆ, ಈಗ ಅದೇ ಸೋಮವಾರದ್ದು. ಉತ್ತರದ ಹಾಳೆಯನ್ನು ಮಾತ್ರ ಒಳಗೇ ಇಟ್ಟು ಬೀಗ ಹಾಕಿದರು. "ನಾನು ಮಾಡಿ ಮುಗಿಸಿದ್ದೀನಿ. ನನ್ನದು ನೋಡಬೇಡಿ. ನೀವು ಬೇರೆ ಕೂತು ಮಾಡಿ. ಎರಡೂ ಸೇರಿಸಿ ನೋಡೋಣ." ವಾರ್ಡಿನಲ್ಲಿ ಅಪಾಯದ ಔಷಧಿ ಕೊಡುವ ಮೊದಲು ಇಬ್ಬರು ನರ್ಸುಗಳು ಹೀಗೇ ಮಾಡುತ್ತಿದ್ದರು: ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣದ ಹಾಗೆ, ಆಮೇಲೆ ಎರಡು ಸಹಿ. ನೆಲ ಒರೆಸುತ್ತ ಅವಳು ಅದನ್ನು ನೂರು ಸಲ ನೋಡಿದ್ದಳು, ಅವರ ಚಪ್ಪಲಿಗಳ ಪಕ್ಕದಿಂದ.

"ನನಗೆ ಹೊತ್ತು ಹಿಡಿಯುತ್ತೆ ಮೇಡಂ. ನೀವು ಊಟ ಮಾಡಿ ಬನ್ನಿ."

"ಇಲ್ಲೇ ಇರ್ತೀನಿ. ನಿಧಾನಕ್ಕೆ ಮಾಡಿ."

ಅವಳು ನಿಧಾನಕ್ಕೇ ಮಾಡಿದಳು. ಮೊದಲ ಪ್ರಶ್ನೆಯಲ್ಲಿ ಮುದುಕರೊಬ್ಬರಿದ್ದರು, ಅವರಿಗೆ ಮಾತ್ರೆ ನುಂಗಲು ಆಗುತ್ತದೆಯೇ ಎಂದು ಯೋಚಿಸಿದಳು. ಎರಡನೆಯದರಲ್ಲಿ ಬಸುರಿ. ಒಬ್ಬೊಬ್ಬರನ್ನೂ ಹಾಸಿಗೆಯ ಮೇಲೆ ಕೂರಿಸಿ, ಮುಖ ನೋಡಿ, ತೂಕ ನೋಡಿ, ಆಮೇಲೆ ಭಾಗಿಸಿದಳು. ಎದುರಿಗೆ ಮೇಡಂ ಕೈಕಟ್ಟಿ ಕೂತಿದ್ದರು, ಹಸಿವಿಗೆ ಅವರ ಹೊಟ್ಟೆ ಒಮ್ಮೆ ಗುರುಗುಟ್ಟಿತು, ಇಬ್ಬರೂ ಕೇಳಿಸದವರ ಹಾಗೆ ಇದ್ದರು. ಇಪ್ಪತ್ತೂ ಮುಗಿದ ಮೇಲೆ ಮೇಡಂ ಬೀರು ತೆಗೆದು ತಮ್ಮ ಹಾಳೆಯನ್ನು ಪಕ್ಕದಲ್ಲಿಟ್ಟರು. ಒಂದೊಂದೇ ಸಾಲಿನ ಮೇಲೆ ಎರಡು ಬೆರಳುಗಳು ಜೊತೆಯಾಗಿ ಕೆಳಗಿಳಿದವು. ಎಲ್ಲೂ ನಿಲ್ಲಲಿಲ್ಲ. ಮೇಡಂ ಕೆಳಗೆ ತಮ್ಮ ಸಹಿ ಹಾಕಿ, ಪೆನ್ನನ್ನು ಅವಳತ್ತ ತಿರುಗಿಸಿ ಕೊಟ್ಟರು.

ಒಂಬತ್ತು ವರ್ಷ ಹಾಜರಿ ಪುಸ್ತಕದಲ್ಲಿ ಅವಳು ಬರೀ ಮೊದಲಕ್ಷರ ಗೀಚಿ ಓಡುತ್ತಿದ್ದಳು. ಇಲ್ಲಿ ಹೆಸರನ್ನು ಪೂರ್ತಿ ಬರೆದಳು, ಅಪ್ಪನ ಹೆಸರನ್ನೂ ಸೇರಿಸಿ, ಯಾರು ಬೇಕಾದರೂ ಓದಿ ಇವಳನ್ನೇ ಕರೆದು ಕೇಳಬಹುದಾದ ಹಾಗೆ.